ಒದೆಯುವ ರಿವಾಲ್ವರು ಮತ್ತು ಹಗುರ ಕಾಡತೂಸು

ಕ್ಲಿಂಟ್ ಈಸ್ಟ್‌ವುಡ್ ನಟಿಸಿದ ‘ಡರ್ಟಿ ಹ್ಯಾರಿ’ (1971) ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. .44 ಮ್ಯಾಗ್ನಮ್ ಎಂಬ ದೈತ್ಯ ರಿವಾಲ್ವರಿಗೆ ಜಗತ್ಪ್ರಸಿದ್ಧಿ ತಂದದ್ದು ಆ ಚಿತ್ರವೇ. ಆದರೆ 1973ರಲ್ಲಿ ಬಂದ ಅದರ ಮುಂದಿನ ಭಾಗದಲ್ಲಿ ಅದೇ ನಾಯಕ ಒಂದು ಗುಟ್ಟನ್ನು ಬಿಟ್ಟುಕೊಡುತ್ತಾನೆ: ತಾನು ಆ ರಿವಾಲ್ವರಿನಲ್ಲಿ ತುಂಬುವುದು ಹಗುರವಾದ ‘ಸ್ಪೆಷಲ್’ ಕಾಡತೂಸನ್ನು, ಏಕೆಂದರೆ ಹತೋಟಿ ಚೆನ್ನಾಗಿರುತ್ತದೆ ಎಂದು. ಪ್ರೇಕ್ಷಕರು ಈ ಮಾತನ್ನು ಮರೆತರು. ನನಗೆ ಮಾತ್ರ ಇದರ ಹಿಂದಿರುವ ಇತಿಹಾಸವೇ ಚಿತ್ರಕ್ಕಿಂತ ರೋಚಕವಾಗಿ ಕಂಡಿತು.

ನ್ಯೂಟನ್ನನ ಮೂರನೆಯ ನಿಯಮವನ್ನು ವಿಜ್ಞಾನದ ತರಗತಿಯಲ್ಲಿ ಕಂಠಪಾಠ ಮಾಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಗುಂಡು ಮುಂದಕ್ಕೆ ಹೋದಂತೆ ಆಯುಧ ಹಿಂದಕ್ಕೆ ಒದೆಯುತ್ತದೆ. ಕೋವಿಯಾದರೆ ಆ ಒದೆತವನ್ನು ಭುಜ ತಡೆಯುತ್ತದೆ. ರಿವಾಲ್ವರಿನಲ್ಲಿ ಎಲ್ಲವೂ ಮಣಿಕಟ್ಟಿನ ಮೇಲೆಯೇ.

ಅಮೆರಿಕದ ಸೈನ್ಯ ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮನಗಂಡಿತ್ತು. 1873ರಲ್ಲಿ ಅದು ಅಶ್ವದಳಕ್ಕಾಗಿ .45 ಕೋಲ್ಟ್ ರಿವಾಲ್ವರನ್ನು ಆರಿಸಿಕೊಂಡಿತು. ಅದರ ಕಾಡತೂಸಿನಲ್ಲಿ ಮೂಲತಃ 40 ಗ್ರೇನ್ ಕಪ್ಪು ಮದ್ದು ಹಿಡಿಯುತ್ತಿತ್ತು. (ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಯೆಂದರೆ ಹೆಚ್ಚೂಕಡಿಮೆ ಎರಡು ಗ್ರೇನ್, ಅಂದರೆ ಇಪ್ಪತ್ತು ಗುಲಗಂಜಿ ತೂಕದ ಮದ್ದು.) ಸೈನ್ಯ ಅದನ್ನು 30 ಗ್ರೇನಿಗೆ ಇಳಿಸಿತು. 1875ರಲ್ಲಿ ಸ್ಕೋಫೀಲ್ಡ್ ಎಂಬ ಇನ್ನೊಂದು ರಿವಾಲ್ವರು ಸೇವೆಗೆ ಬಂದಾಗ, ಅದರ ಸಿಲಿಂಡರು ಗಿಡ್ಡವಾದ್ದರಿಂದ 28 ಗ್ರೇನ್ ಮದ್ದಿನ ಗಿಡ್ಡ ಕಾಡತೂಸೊಂದು ಹುಟ್ಟಿತು. ಗಿಡ್ಡದ್ದು ಎರಡು ರಿವಾಲ್ವರುಗಳಿಗೂ ಹೊಂದುತ್ತಿತ್ತು, ಉದ್ದದ್ದು ಸ್ಕೋಫೀಲ್ಡಿಗೆ ಹೊಂದುತ್ತಿರಲಿಲ್ಲ. ಸೈನ್ಯದ ಉಗ್ರಾಣದವರು ಯಾವುದನ್ನು ಆರಿಸಿದರೆಂದು ಊಹಿಸುವುದು ಕಷ್ಟವೇನಲ್ಲ.

ಇದೇ ಉಪಾಯ .44ರಲ್ಲಿಯೂ ಇದೆ. .44 ಸ್ಪೆಷಲ್ ಬಂದದ್ದು 1907ರ ಸುಮಾರಿಗೆ. ಎಲ್ಮರ್ ಕೀತ್ ಎಂಬ ಬೇಟೆಗಾರ-ಲೇಖಕ ಅದರಲ್ಲಿ ಹೆಚ್ಚು ಹೆಚ್ಚು ಮದ್ದು ತುಂಬಿ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಅದರ ಫಲವೇ 1955ರ.44 ಮ್ಯಾಗ್ನಮ್. (ಹೆಸರು .44 ಆದರೂ ಗುಂಡಿನ ವ್ಯಾಸ 0.429 ಅಂಗುಲ. ಹೆಸರಿಡುವವರು ಲೆಕ್ಕದ ಮೇಷ್ಟರಾಗಿರಲಿಲ್ಲ.) ಹೊಸ ಕಾಡತೂಸಿನ ಕವಚವನ್ನು ಅಂಗುಲದ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದ್ದು ಬಹಳ ವಿವೇಕದ ಕೆಲಸ: ಪ್ರಬಲ ಮ್ಯಾಗ್ನಮ್ ಹಳೆಯ ದುರ್ಬಲ ರಿವಾಲ್ವರಿನೊಳಗೆ ಹೋಗಲಾರದು, ಸ್ಪೆಷಲ್ ಮಾತ್ರ ಮ್ಯಾಗ್ನಮ್ ರಿವಾಲ್ವರಿನೊಳಗೆ ಸಲೀಸಾಗಿ ಹೋಗುತ್ತದೆ. ಎರಡರ ಗುಂಡಿನ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಸ್ಪೆಷಲ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 750 ಅಡಿ, ಮ್ಯಾಗ್ನಮ್ಮಿನದು 1,400 ಅಡಿಯ ಆಸುಪಾಸು. ಭಾರವಾದ ರಿವಾಲ್ವರಿನಲ್ಲಿ ಸ್ಪೆಷಲ್ ಹಾರಿಸಿದರೆ ಒದೆತ ಸೌಮ್ಯವಾಗಿರುತ್ತದೆ. ಒಂದೇ ತೊಡಕು, ಗಿಡ್ಡ ಕವಚದ ಮುಂದೆ ಮಸಿ ಉಂಗುರದಂತೆ ಕಟ್ಟಿಕೊಳ್ಳುತ್ತದೆ. ಒರೆಸದಿದ್ದರೆ ಆಮೇಲೆ ಉದ್ದದ ಕಾಡತೂಸು ಒಳಹೋಗಲು ತಡವರಿಸುತ್ತದೆ.

ಅಣ್ಣತಮ್ಮಂದಿರಂತಿರುವ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್‌ಗಳ ಸಂಬಂಧವೂ ಇಂಥದೇ. ಆದರೆ ಅಲ್ಲಿ ರಕ್ತದ ಕಥೆಯೊಂದಿದೆ. 1970ರ ಏಪ್ರಿಲ್ 5-6ರ ನಡುರಾತ್ರಿಯ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಇಬ್ಬರು ಅಪರಾಧಿಗಳೊಡನೆ ನಡೆದ ಗುಂಡಿನ ಕಾಳಗದಲ್ಲಿ ಹೆದ್ದಾರಿ ಪೊಲೀಸರು ನಾಲ್ವರು ಐದೇ ನಿಮಿಷದೊಳಗೆ ಹತರಾದರು. ನಾಲ್ವರೂ 23-24ರ ತರುಣರು. ನಮ್ಮ ಶಾಲೆಯಿಂದ ಹೊರಬಿದ್ದು ಮೊದಲ ಸಂಬಳ ತಂದು ತಾಯಿಯ ಕೈಗಿಡುವ ವಯಸ್ಸು ಅದು. ಅವರು ತರಬೇತಿಯಲ್ಲಿ ಹಾರಿಸಿದ್ದು ಸೌಮ್ಯವಾದ .38 ಸ್ಪೆಷಲ್, ಆದರೆ ಅಂದು ಕೆಲವರ ರಿವಾಲ್ವರಿನಲ್ಲಿದ್ದುದು.357 ಮ್ಯಾಗ್ನಮ್. ಕಣ್ಣು ಕೋರೈಸುವ ಬೆಳಕು, ಕಿವಿಗಡಚಿಕ್ಕುವ ಸದ್ದು, ಹೊಸ ಒದೆತ, ಇವೆಲ್ಲ ಸಾವು ಎದುರಿಗಿದ್ದಾಗಲೇ ಮೊದಲ ಬಾರಿಗೆ ಎದುರಾದವು. ದುರಂತಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಅಪರಾಧಿಗಳನ್ನು ಸಮೀಪಿಸಿದ ಕ್ರಮವೂ ಟೀಕೆಗೊಳಗಾಗಿದೆ. ಆದರೂ ಒಂದು ಪಾಠ ಕಲಿಸಿ ಇನ್ನೊಂದರಲ್ಲಿ ಪರೀಕ್ಷೆ ಕೊಟ್ಟಂತಾಯಿತಲ್ಲ ಎಂದು ಮೇಷ್ಟರ ಮನಸ್ಸು ನೋಯುತ್ತದೆ. ಆ ಬಳಿಕ ಇಲಾಖೆ ತರಬೇತಿಗೂ ಕರ್ತವ್ಯಕ್ಕೂ .38 ಸ್ಪೆಷಲ್ಲನ್ನೇ ಗೊತ್ತುಮಾಡಿತು.

ಎಫ್.ಬಿ.ಐ. ಸಂಸ್ಥೆಯೂ ಇದೇ ಹಾದಿಯಲ್ಲಿ ನಡೆದು ಬಂದಿದೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಅಧಿಕಾರಿಗಳು ಸತ್ತ ಮೇಲೆ ಅದು ಪ್ರಬಲವಾದ 10 ಮಿಲಿಮೀಟರಿನ ಪಿಸ್ತೂಲಿಗೆ ಮೊರೆಹೋಯಿತು. ಒದೆತ ಅತಿಯಾದೀತೆಂದು ಅದರ ಮದ್ದನ್ನು ತಾನೇ ತಗ್ಗಿಸಿತು. ಮದ್ದು ತಗ್ಗಿದ ಮೇಲೆ ಕವಚದೊಳಗೆ ಉಳಿದ ಖಾಲಿ ಜಾಗವನ್ನು ಕಂಡು ತಯಾರಕರು ಕವಚವನ್ನೇ ಗಿಡ್ಡಮಾಡಿದರು, 1990ರಲ್ಲಿ .40 ಎಂಬ ಹೊಸ ಕಾಡತೂಸು ಮಾರುಕಟ್ಟೆಗೆ ಬಂತು. 2014ರ ವೇಳೆಗೆ ಅದೂ ಭಾರವೆನಿಸಿ, ಹಗುರವಾದ 9 ಮಿಲಿಮೀಟರಿನಲ್ಲಿಯೇ ಹೆಚ್ಚಿನವರು ಬೇಗನೆ, ಗುರಿತಪ್ಪದೆ ಹೊಡೆಯುತ್ತಾರೆಂದು ಸಂಸ್ಥೆಯ ತರಬೇತಿ ವಿಭಾಗ ಬರೆಯಿತು. 1986ರಲ್ಲಿ ಸಾಲದೆಂದು ದೂರಿದ್ದೂ 9 ಮಿಲಿಮೀಟರನ್ನೇ. ನಡುವಿನ ವರ್ಷಗಳಲ್ಲಿ ಗುಂಡಿನ ರಚನೆ ಮಾತ್ರ ಬಹಳ ಸುಧಾರಿಸಿತ್ತು.