ಎರಡನೆಯ ಕೀಲಿ

ಮುಂಬಯಿಯ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. ನಮ್ಮ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಹಾಗಾಗಿಯೋ ಏನೋ, ಅಮೆರಿಕದ ಎಕ್ವಿಫ್ಯಾಕ್ಸ್ ಕಥೆ ಇನ್ನೂ ಕಾಡುತ್ತದೆ.

ಜನರ ಸಾಲದ ಚರಿತ್ರೆ ಕಾಯ್ದಿಡುವ ಕಂಪನಿ ಅದು. ಅವರು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ತಂತ್ರಾಂಶದಲ್ಲಿ ತೂತಿದೆಯೆಂದು 2017ರ ಮಾರ್ಚ್‌ನಲ್ಲೇ ಎಚ್ಚರಿಕೆ ಬಂತು. ತೇಪೆಯೂ ಪುಕ್ಕಟೆ! 48 ಗಂಟೆಯೊಳಗೆ ಹಾಕಿ ಎಂಬ ಇ-ಮೇಲ್ ಕಂಪನಿಯೊಳಗೆ ಓಡಾಡಿತು. ಸ್ಕ್ಯಾನ್ ಮಾಡಿದರು, ತೂತು ಕಾಣಲಿಲ್ಲ, ಅಷ್ಟಕ್ಕೇ ಬಿಟ್ಟರು. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರು ಜುಲೈ ಕೊನೆಯವರೆಗೂ ಒಳಗೇ ಇದ್ದರು. ಕಾವಲು ಸಾಧನದ ಸರ್ಟಿಫಿಕೇಟು ಅವಧಿ ಮೀರಿ, ಅದಕ್ಕೆ ಕಣ್ಣೇ ಇರಲಿಲ್ಲ. ಸುಮಾರು 14.7 ಕೋಟಿ ಜನರ ವಿವರ ಹೋಯಿತು.

ಅಕ್ಟೋಬರಿನಲ್ಲಿ ಮಾಜಿ ಮುಖ್ಯಸ್ಥ ರಿಚರ್ಡ್ ಸ್ಮಿತ್ ಅಮೆರಿಕದ ಸಂಸತ್ತಿನ ಮುಂದೆ ಕ್ಷಮೆ ಕೇಳಿದರು. ಜೊತೆಗೇ, ಒಬ್ಬ ನೌಕರ ಎಡವಿದ, ಸ್ಕ್ಯಾನರೂ ಹಿಡಿಯಲಿಲ್ಲ ಎಂದರು. ನಮ್ಮ ಶಾಖೆಯಲ್ಲಾಗಿದ್ದರೆ, ಆ ಒಬ್ಬನ ಹಿಂದೆ ಇನ್ನೊಬ್ಬ ಯಾಕಿರಲಿಲ್ಲ ಎಂದು ಮ್ಯಾನೇಜರನ್ನೇ ಮೊದಲು ಕೇಳುತ್ತಿದ್ದರು.