ಕಿತ್ತೂರು ಅರಮನೆ: ನೀರು ಬಂದ ದಾರಿ, ಹೋದ ದಾರಿ

ಅಲ್ಲಪ್ಪಗೌಡ ಸರದೇಸಾಯಿ 17ನೇ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ ಕೋಟೆಯೊಳಗಿನ ಅರಮನೆಯಿದು. 1824ರಲ್ಲಿ ಬ್ರಿಟಿಷರೊಡನೆ ನಡೆದ ಯುದ್ಧದ ನಂತರ ಹಾಳಾದರೂ ಬಾವಿಗಳೂ ಬಚ್ಚಲುಮನೆಯ ತೊಟ್ಟಿಗಳೂ ಉಳಿದಿವೆ. ಕಿತ್ತೂರಿನವರ ಕಟ್ಟಡ ಜಾಣ್ಮೆ ಅರಿಯಲು ದರ್ಬಾರಿನ ಕಂಬಗಳಿಗಿಂತ ಈ ಬಚ್ಚಲುಗಳೇ ಮೇಲು.

ಬಾವಿಯ ನೀರನ್ನು ತಾಮ್ರದ ಮತ್ತು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಒಳಗೆ ಹಾಯಿಸುತ್ತಿದ್ದರು. ಎತ್ತರಕ್ಕೆ ಸೇದಿ ಸುರಿದ ನೀರಿಗೆ ಮುಂದೆ ಇಳಿಜಾರೇ ಸಾಕು. ಮಿಂದ ನೀರನ್ನು ಹೊರಹಾಕುವುದು ಇನ್ನೂ ಕಷ್ಟದ ಕೆಲಸ: ತಳಪಾಯಕ್ಕೆ ತೇವ ಹಿಡಿದರೆ ಎಂಥ ದಪ್ಪ ಗೋಡೆಯೂ ಸಡಿಲಾಗುತ್ತದೆ.

ಇಟಲಿಯ ಪಾಂಪೇಯಲ್ಲಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಮನೆಗಳು ನೀರು ಪಡೆಯಲು ಬೇರೊಂದು ದಾರಿ ಹಿಡಿದಿದ್ದವು. ನಡುಮನೆಯ ಚಾವಣಿಯನ್ನು ತೆರೆದೇ ಬಿಟ್ಟು, ಮಾಡಿನ ನಾಲ್ಕೂ ಬದಿಯನ್ನು ಒಳಕ್ಕೆ ಇಳಿಬಿಡುತ್ತಿದ್ದರು. ಮಳೆನೀರು ಕೆಳಗಿನ ಆಳವಿಲ್ಲದ ಕೊಳಕ್ಕೆ ಬಿದ್ದು, ನೆಲದಡಿಯ ತೊಟ್ಟಿ ಸೇರುತ್ತಿತ್ತು. ಅದನ್ನು ಸೇದಿ ಬಳಸುತ್ತಿದ್ದರು. ಹೆಚ್ಚಾದದ್ದು ಮೋರಿಯಲ್ಲಿ ಬೀದಿಗೆ ಹೋಗುತ್ತಿತ್ತು. ಅಲ್ಲಿ ಮುಗಿಲ ನೀರು, ಇಲ್ಲಿ ನೆಲದ ನೀರು.

ದಯವಿಟ್ಟು ತೊಟ್ಟಿಗಳ ಅಂಚನ್ನು ತುಳಿಯಬೇಡಿ, ಕೊಳವೆಯ ಬಾಯಿಗೆ ಕಲ್ಲು ತುರುಕಬೇಡಿ. ಉಳಿದಿರುವ ಗಾರೆ ಬಹಳ ಹಳೆಯದು.