ಪಟ್ಟಂದೂರು ಅಗ್ರಹಾರದ ಯೋಗಕ್ಷೇಮ

ಬೆಂಗಳೂರಿನ ಪೂರ್ವಭಾಗದಲ್ಲಿ ವೈಟ್‌ಫೀಲ್ಡಿಗೆ ಹೊಂದಿಕೊಂಡಿರುವ ಪಟ್ಟಂದೂರು ಅಗ್ರಹಾರವನ್ನು ಇಂದಿನ ಜನರು ಬಹುಮಟ್ಟಿಗೆ ಮೆಟ್ರೋ ರೈಲಿನ ನಿಲ್ದಾಣದಿಂದಲೂ ಗಣಕಯಂತ್ರಗಳ ಉದ್ಯಮದಿಂದಲೂ ಅರಿತಿರುವರು. ಆದರೆ ಈ ಊರಿನ ಪ್ರಾಚೀನತೆಯು ಸಾಮಾನ್ಯವಾದುದಲ್ಲ. ನೆರೆಯ ಕಾಡುಗೋಡಿಯಲ್ಲಿ ದೊರೆತ, ರಾಜೇಂದ್ರಚೋಳನ ಕಾಲದ 1043ನೆಯ ಇಸವಿಯ ಶಾಸನವೊಂದು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬನ್ನಿಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲ ಎಂಬ ದೇವತೆಗಳ ಗುಡಿಗಳನ್ನು ಮಾಡಿಸಿದ ಸಂಗತಿಯನ್ನು ತಿಳಿಸುವುದು. ಏರಿಯಿಲ್ಲದೆ ಕೆರೆಯಲ್ಲಿ ನೀರು ನಿಲ್ಲದು. ತೂಬಿಲ್ಲದೆ ನಿಂತ ನೀರಿನಿಂದ ಗದ್ದೆಗೆ ಪ್ರಯೋಜನವಾಗದು. ಕಾಪಾಡುವುದು, ಹರಿಯಗೊಡುವುದು ಎಂಬ ಈ ಎರಡು ಧರ್ಮಗಳನ್ನು ಆ ಕಾಲದವರು ಒಂದೇ ಕಾರ್ಯದಲ್ಲಿ ಸೇರಿಸಿದ್ದರು. ಒಂಬತ್ತೂವರೆ ಶತಮಾನಗಳ ತರುವಾಯ ಅದೇ ನೆಲದಲ್ಲಿ ಅದೇ ಪ್ರಶ್ನೆಯು ಬೇರೊಂದು ವೇಷದಿಂದ ಬಂದಿತು.

ಪಡೆಯದುದನ್ನು ಪಡೆಯುವುದು ಯೋಗವೆಂದೂ ಪಡೆದುದನ್ನು ಕಾಪಾಡುವುದು ಕ್ಷೇಮವೆಂದೂ ಪೂರ್ವಿಕರು ಅರ್ಥಮಾಡಿರುವರು. ಗಣಕಯಂತ್ರದ ವಿಷಯದಲ್ಲಿ ಬೆಂಗಳೂರಿನ ಯೋಗಕಾಲವು 1985ರಲ್ಲಿ ಮೊದಲಾಯಿತೆನ್ನಬಹುದು. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ಕಾರ್ಯಾಲಯವನ್ನು ತೆರೆದು, ಉಪಗ್ರಹದ ಮೂಲಕ ದೂರದೇಶದೊಡನೆ ಸಂಪರ್ಕವನ್ನು ಕಲ್ಪಿಸಿಕೊಂಡಿತು. ಪ್ರಧಾನಿಗಳಾಗಿದ್ದ ಪಿ. ವಿ. ನರಸಿಂಹರಾಯರೂ ಸಿಂಗಪುರದ ಗೋ ಚೋಕ್ ಟಾಂಗರೂ 1992ರಲ್ಲಿ ಆಲೋಚಿಸಿದ ತಂತ್ರಜ್ಞಾನ ಪಾರ್ಕು 1994ರಲ್ಲಿ ರೂಪುಗೊಳ್ಳತೊಡಗಿತು. ಟಾಟಾ ಸಂಸ್ಥೆ, ಸಿಂಗಪುರದ ಕೂಟ, ಕರ್ನಾಟಕದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಲಿ ಇವು ಮೂರೂ ಇದರಲ್ಲಿ ಪಾಲುದಾರರಾದುವು. ಐ.ಟಿ.ಪಿ.ಎಲ್. ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪಾರ್ಕಿಗೆ ತನ್ನದೇ ಆದ ವಿದ್ಯುದಾಗಾರವಿದ್ದುದು ಗಮನಾರ್ಹವಾದ ಅಂಶ. ಬೀದಿಯ ದೀಪವಾರಿದರೂ ಒಳಗಿನ ಯಂತ್ರ ನಿಲ್ಲಬಾರದೆಂಬುದೇ ಅಂದಿನ ಮುಖ್ಯವಾದ ಚಿಂತೆ.

ಆದರೆ ಆಪತ್ತು ವಿದ್ಯುತ್ತಿನ ಅಭಾವದಿಂದ ಮಾತ್ರ ಬರತಕ್ಕುದಲ್ಲ. 1988ನೆಯ ನವೆಂಬರ್ 2ರಂದು ಅಮೆರಿಕಾ ದೇಶದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಜಾಲದಲ್ಲಿ ಬಿಟ್ಟ ಒಂದು ಕ್ರಮವಿಧಿಯು, ತನ್ನ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತ, ಸುಮಾರು 6,000 ಯಂತ್ರಗಳನ್ನು ಹೊಕ್ಕಿತೆಂದು ಅಂದಾಜು. ಅದು ಯಾವ ಕಡತವನ್ನೂ ಅಳಿಸಲಿಲ್ಲ. ಒಂದೇ ಯಂತ್ರವನ್ನು ಪುನಃಪುನಃ ಹೊಕ್ಕು, ಅದರ ಉಸಿರು ಕಟ್ಟುವಂತೆ ಮಾಡಿತು. ಗದ್ದೆಯ ಕಾಲುವೆಯಲ್ಲಿ ಕಳೆ ತುಂಬಿದಂತೆ! ಇದರ ಫಲವಾಗಿ ಆ ವರ್ಷವೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂತಹ ಉಪದ್ರವಗಳಿಗೆ ಪರಿಹಾರ ಹೇಳುವ ಕೇಂದ್ರವೊಂದು ಸ್ಥಾಪಿತವಾಯಿತು.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನದ ಕಾಯಿದೆಯು 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದಿತು. ಮರುವರ್ಷವೇ ದೇಶದಲ್ಲಿ ಪ್ರಥಮವೆನಿಸಿದ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯು ಬೆಂಗಳೂರಿನಲ್ಲಿ ತಲೆಯೆತ್ತಿತು. 2004ರ ಜನವರಿಯಲ್ಲಿ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆಯು ಕಾರ್ಯಾರಂಭ ಮಾಡಿತು. ಜಾಲಕ್ಕೆ ಒದಗಿದ ಆಪತ್ತು ತಿಳಿದುಬಂದ ಆರು ಗಂಟೆಗಳೊಳಗಾಗಿ ವರದಿ ಮಾಡತಕ್ಕುದೆಂದು ಅದು 2022ರಲ್ಲಿ ವಿಧಿಸಿತು. ಏರಿಯಲ್ಲಿ ಬಿರುಕು ಕಂಡವನು ಬೆಳಗಾಗುವವರೆಗೆ ಸುಮ್ಮನಿರಬಾರದೆಂಬ ಹಳ್ಳಿಯ ನೀತಿಯೇ ಇದು.

ಕ್ಷೇಮದ ಮಾರ್ಗವೆಷ್ಟು ಸೂಕ್ಷ್ಮವೆಂಬುದನ್ನು ಎರಡು ಘಟನೆಗಳು ವಿಶದಪಡಿಸುವುವು. 2017ನೆಯ ಮೇ 12ರಂದು ವಾನ್ನಾಕ್ರೈ ಎಂಬ ಹುಳುವು ನೂರೈವತ್ತರಷ್ಟು ದೇಶಗಳಲ್ಲಿ ಹರಡಿ, ಕಡತಗಳನ್ನು ಬಂಧಿಸಿ, ಬಿಡುಗಡೆಗೆ ಹಣ ಕೇಳಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮುಂಚೆಯೇ, ಮಾರ್ಚಿಯಲ್ಲಿ, ತೇಪೆಯನ್ನು ಕೊಟ್ಟಿದ್ದಿತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣವೆಂದವರು ನೊಂದರು.

ಇನ್ನೊಂದು ಇದಕ್ಕೆ ತೀರ ವಿಪರೀತವಾದುದು. 2024ನೆಯ ಜುಲೈ 19, ಶುಕ್ರವಾರ ಬೆಳಗ್ಗೆ, ಇಲ್ಲಿಯ ಗಡಿಯಾರದಲ್ಲಿ 9 ಗಂಟೆ 39 ನಿಮಿಷಕ್ಕೆ, ಯಂತ್ರಗಳನ್ನು ಕಾಯುವುದೇ ವೃತ್ತಿಯಾದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ತನ್ನ ಕಾವಲಿನ ಸಲಕರಣೆಗೆ ಹೊಸ ಕಡತವೊಂದನ್ನು ಎಲ್ಲೆಡೆಗೂ ಏಕಕಾಲದಲ್ಲಿ ಕಳುಹಿಸಿತು. ಕಡತದಲ್ಲಿ ದೋಷವಿದ್ದಿತು. 78 ನಿಮಿಷಗಳಲ್ಲಿ ಅದನ್ನು ಹಿಂದೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯನ್ನು ತೋರಿ ಸ್ತಬ್ಧವಾದುವು. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿದರು. ದೇಶದ ನಿಲ್ದಾಣಗಳಲ್ಲಿ ಪ್ರವೇಶಪತ್ರಗಳನ್ನು ಕೈಯಿಂದ ಬರೆದುಕೊಟ್ಟರು. ಕೆಟ್ಟ ಯಂತ್ರಗಳಲ್ಲಿ ಅನೇಕವನ್ನು ಒಂದೊಂದರ ಮುಂದೆಯೂ ಕುಳಿತು ಕೈಯಾರೆ ಸರಿಪಡಿಸಬೇಕಾಯಿತು. ಕಳ್ಳನಿರಲಿಲ್ಲ, ಶತ್ರುವಿರಲಿಲ್ಲ, ಕ್ಷೇತ್ರಪಾಲನೇ ತೂಬನ್ನು ಮುಚ್ಚಿದಂತಾಯಿತು.

ಇವೆರಡನ್ನೂ ಒಟ್ಟಿಗಿಟ್ಟು ನೋಡಿದಲ್ಲಿ ಇತಿಹಾಸದ ಪಾಠವು ಸ್ಪಷ್ಟವಾಗುವುದು. ತಡಮಾಡಿದರೆ ಏರಿ ಒಡೆಯುವುದು; ಪರೀಕ್ಷಿಸದೆ ಅವಸರಪಟ್ಟರೆ ತೂಬು ಕಟ್ಟುವುದು. ಆದುದರಿಂದಲೇ ಹೊಸ ತೇಪೆಯನ್ನು ಮೊದಲು ಕೆಲವೇ ಯಂತ್ರಗಳಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಹಾಕುವುದೂ, ಕಡತಗಳ ಪ್ರತಿಯನ್ನು ಜಾಲಕ್ಕೆ ಸೋಕದ ಬೇರೆ ಸ್ಥಳದಲ್ಲಿಡುವುದೂ, ಯಂತ್ರ ನಿಂತಾಗ ಕೈಯಿಂದ ಕೆಲಸ ಸಾಗಿಸುವ ಕ್ರಮವನ್ನು ಮರೆಯದಿರುವುದೂ ಈ ವಿದ್ಯೆಯಲ್ಲಿ ನಿಯಮಗಳಾಗಿವೆ. ಮನೆಮನೆಯ ಉಳಿತಾಯವೂ ಪತ್ರವ್ಯವಹಾರವೂ ಯಂತ್ರವನ್ನಾಶ್ರಯಿಸಿರುವ ಈ ಕಾಲದಲ್ಲಿ ಗೃಹಸ್ಥರಿಗೂ ಇವು ಅನ್ವಯಿಸದೆ ಇರವು.

ಕೆರೆಯ ಕಾಲದಲ್ಲಿ ತೂಬನ್ನು ಹದವರಿತು ತೆರೆದು ಮುಚ್ಚುವ ನೀರುಗಂಟಿಯೆಂಬವನಿರುತ್ತಿದ್ದನು. ಗದ್ದೆಗೆ ನೀರು ಬರುತ್ತಿರುವವರೆಗೆ ಅವನ ಹೆಸರನ್ನೆತ್ತುವವರಿಲ್ಲ. ಬಾರದ ದಿನ ಊರೆಲ್ಲ ಅವನ ಬಾಗಿಲಲ್ಲಿ. 2023ನೆಯ ಮಾರ್ಚ್ 25ರಂದು ಉದ್ಘಾಟಿತವಾದ ಪಟ್ಟಂದೂರು ಅಗ್ರಹಾರದ ನಿಲ್ದಾಣದಲ್ಲಿ ಇಳಿದು, ರಾತ್ರಿಯ ಪಾಳಿಗೆಂದು ಗಾಜಿನ ಸೌಧಗಳನ್ನು ಹೊಗುವ ತರುಣತರುಣಿಯರಲ್ಲಿ ಇಂದಿನ ನೀರುಗಂಟಿಗಳೂ ಇರುವರು. ಏನೂ ಸಂಭವಿಸದೆ ಬೆಳಗಾದ ರಾತ್ರಿಯೇ ಅವರ ಕಾರ್ಯಕ್ಕೆ ಸಾಕ್ಷಿಯಾಗಿದೆ.